ಬಾಗಿಲ ಮೇಲಿನ ಕೆಂಪು ದೀಪ

ಮಾರ್ಚ್ 18, ಮಂಗಳವಾರ

ಕೊನೆಯ ಡಬ್ಬಿಯನ್ನೂ ಇವತ್ತು ಗೋಡೆಗೆ ಕೂರಿಸಿದ್ದಾಯಿತು. ಈ ಕಾರ್ಖಾನೆಯಲ್ಲಿ ಸಿಮೆಂಟ್ ಮಾಡುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ನನ್ನ ಪಾಲಿಗೆ ಬಂದಿದೆ: ನೀರು, ದೀಪ, ಏಸಿ, ಕ್ಯಾಂಟೀನು, ಕ್ವಾರ್ಟರ್ಸು, ಶೌಚಾಲಯ. ಹೈದರಾಬಾದಿನ ನಮ್ಮ ಕಂಪನಿ ಇದೆಲ್ಲವನ್ನು ಗುತ್ತಿಗೆ ಹಿಡಿದು ನನ್ನನ್ನು ಈ ವಾಡಿ ಪಟ್ಟಣಕ್ಕೆ ಕಳಿಸಿದಾಗ ಮೇಲಧಿಕಾರಿ ನಂದಕಿಶೋರ್ ಹೇಳಿದ್ದು ಒಂದೇ ಮಾತು. "ಅಂದಾಜು ಬ್ಯಾಡ ಮೇಡಂ, ಅಂಕಿ ಬೇಕು." ನನಗಿಂತ ಚಿಕ್ಕವನು, ಆದರೆ ಮಾತು ಸರಿಯಿತ್ತು. ಹಾಗಾಗಿ ಪಂಪಿಗೆ, ಏಸಿಗೆ, ಕುಡಿಯುವ ನೀರಿನ ಕೂಲರಿಗೆ ಒಂದೊಂದು ಮೀಟರು. ಶೌಚಾಲಯಗಳಲ್ಲಿ ಎಷ್ಟು ಸಲ ಜನ ಬಂದರೆಂದು ಎಣಿಸುವ ಬಿಳಿ ಡಬ್ಬಿ, ಒಳಗೆ ಕಾಲಿಟ್ಟೊಡನೆ ತಲೆಯ ಮೇಲೆ. ಯಾರಾದರೂ ಹಾದರೆ ಅದರಲ್ಲಿ ಕೆಂಪು ದೀಪವೊಂದು ಮಿನುಗಿ ಆರುತ್ತದೆ. ಎಲ್ಲ ಲೆಕ್ಕವೂ ನನ್ನ ಫೋನಿಗೆ ಬಂದು ಸೇರುತ್ತದೆ.

ಪ್ಯಾಕಿಂಗ್ ಹೌಸಿನ ಹೆಂಗಸರಿಗೆ ನಾನೇ ಹೋಗಿ ತಿಳಿಸಿದೆ. ಚೆಲ್ಲಿದ ಸಿಮೆಂಟ್ ಗುಡಿಸುವ, ಹರಿದ ಚೀಲ ಬೇರ್ಪಡಿಸುವ ಕೆಲಸ ಅವರದು. ಭಂಕೂರ, ಶಹಾಬಾದ ಕಡೆಯಿಂದ ಟೆಂಪೊದಲ್ಲಿ ಬರುತ್ತಾರೆ. ನಾನು ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡದಲ್ಲಿ ಹೇಳಲು ಹೋದರೆ ಮಾತು ಸುತ್ತಿ ಬಳಸಿ ಎಲ್ಲಿಗೋ ಹೋಗುತ್ತದೆ. ಇವತ್ತು ಮೊದಲೇ ತಯಾರಿ ಮಾಡಿಕೊಂಡು ಹೋಗಿದ್ದೆ. "ಇನ್ನು ಮೇಲೆ ಚಿಂತೆ ಇಲ್ಲ. ನಿಮ್ಮ ಬಾತ್‌ರೂಮಿಗೆ ಯಾರು ಹೋದರೂ ನನ್ನ ಫೋನಿನಲ್ಲಿ ಕಾಣುತ್ತೆ. ಕೊಳೆಯಾಗಿದ್ದರೆ ನೀವು ಹೇಳುವ ಮೊದಲೇ ನನಗೆ ಗೊತ್ತಾಗುತ್ತೆ."

ಬಸ್ಸಮ್ಮ ಎಂಬ ಹಿರಿಯಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಅವಳನ್ನು ನೋಡಿ ಉಳಿದವರೂ ಎಳೆದುಕೊಂಡರು. ಒಂದು ಬಗೆಯ ಮರ್ಯಾದೆ ಇರಬೇಕು. ನನ್ನ ಕನ್ನಡ ಅವರಿಗೆ ತಲುಪಿತಲ್ಲ ಎಂದು ಖುಷಿಯಾಯಿತು.

ಮಾರ್ಚ್ 27, ಗುರುವಾರ

ಅಮ್ಮನ ಮಂಡಿ ನೋವಿಗೆಂದು ಬಚ್ಚಲುಮನೆಯಲ್ಲಿ ತಾನಾಗಿ ಹತ್ತುವ ದೀಪ ಹಾಕಿಸಿದ್ದೆ. ಕತ್ತಲಲ್ಲಿ ಸ್ವಿಚ್ಚು ಹುಡುಕುತ್ತ ಎಡವಬಾರದು ಎಂದು. ಇವತ್ತು ನೋಡಿದರೆ ಅದರ ಮೇಲೊಂದು ಟವೆಲು ತೂಗುತ್ತಿದೆ.

"ಇದ್ಯಾಕೆ ಅಮ್ಮ?"

"ಸ್ನಾನಕ್ಕ ಕೂತ್ರ ಅದು ನನ್ನ ನೋಡ್ತದ. ನನಗ ಒಗ್ಗೂದಿಲ್ಲ."

"ಅದು ಬರೀ ದೀಪ."

"ಬರೀ ದೀಪಾದ್ರ ನಾ ಒಳಗ ಬಂದಿದ್ದು ಅದಕ್ಕ ಹ್ಯಾಂಗ ಗೊತ್ತಾಗ್ತದ?"

ಮೈಯ ಶಾಖ, ಚಲನೆ ಎಂದೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಅದs ಮತ್ತ, ನೋಡ್ತದ," ಎಂದಳು. ಎಂಬತ್ತರ ಹತ್ತಿರದವರ ಜೊತೆ ವಾದ ಮಾಡಬಾರದು. ಟವೆಲು ತೆಗೆದು ಗೂಟಕ್ಕೆ ಹಾಕಿ ಆಫೀಸಿಗೆ ಬಂದೆ.

ಏಪ್ರಿಲ್ 9, ಬುಧವಾರ

ಮೂರು ವಾರದ ಅಂಕಿಗಳು ಕೈಗೆ ಬಂದಿವೆ. ಅತಿಥಿಗೃಹದ ಏಸಿಗಳು ಖಾಲಿ ಕೋಣೆಗಳಲ್ಲಿ ದಿನವಿಡೀ ಓಡುತ್ತಿದ್ದವು, ನಿಲ್ಲಿಸಿದೆ. ಕ್ವಾರ್ಟರ್ಸಿನ ಪಂಪು ತುಂಬಿದ ಟ್ಯಾಂಕಿಗೇ ನೀರು ಹತ್ತಿಸುತ್ತಿತ್ತು, ಸರಿಮಾಡಿಸಿದೆ. ಇಂಥವು ಕಣ್ಣೆದುರಿಗೇ ಇದ್ದರೂ ಇಷ್ಟು ವರ್ಷ ಯಾರಿಗೂ ಕಂಡಿರಲಿಲ್ಲ ಎಂದರೆ ಕೆಲಸಕ್ಕೆ ಅರ್ಥವಿದೆ ಅನ್ನಿಸುತ್ತದೆ.

ಒಂದು ಮಾತ್ರ ವಿಚಿತ್ರ. ಪ್ಯಾಕಿಂಗ್ ಹೌಸಿನ ಹಿಂದಿರುವ ಹೆಂಗಸರ ಶೌಚಾಲಯವನ್ನು ಯಾರೂ ಬಳಸುವುದೇ ಇಲ್ಲ. ಮೊದಲ ದಿನ ಒಂದಿಷ್ಟು ಜನ, ಆಮೇಲೆ ಬೆಳಿಗ್ಗೆ ತೊಳೆಯಲು ಹೋಗುವವಳೊಬ್ಬಳು, ಅಷ್ಟೇ. ಅದರಲ್ಲಿ ಎರಡು ಕೋಣೆ, ಒಂದರ ಬಾಗಿಲು ಕಿತ್ತುಹೋಗಿದೆ. ಹೊಸ ಬಾಗಿಲು ಬೇಕೆಂದು ಗುತ್ತಿಗೆ ಕೆಲಸಗಾರರ ಮೇಲ್ವಿಚಾರಕ ಅಣವೀರ ಕೇಳಿಕೊಂಡಿದ್ದ. ಬಳಕೆಯೇ ಇಲ್ಲದ ಜಾಗಕ್ಕೆ ಬಾಗಿಲೇಕೆ ಎಂದು ತಿರಸ್ಕರಿಸಿದೆ.

ನಂದಕಿಶೋರ್ ಒಂದು ಹೆಜ್ಜೆ ಮುಂದೆ ಹೋದ. ಆ ಕಟ್ಟಡವನ್ನು ಬಿಡಿಭಾಗಗಳ ಸ್ಟೋರ್ ಮಾಡಿದರೆ ಹೇಗೆ? ಹೆಂಗಸರು ಬೇಕಾದರೆ ಆಡಳಿತ ಕಚೇರಿಯದನ್ನು ಬಳಸಲಿ. ಅಲ್ಲಿಗೆ ಬರಬೇಕಾದರೆ ಲಾರಿಗಳು ನಿಲ್ಲುವ ಅಂಗಳವನ್ನೆಲ್ಲ ದಾಟಬೇಕು. ಆದರೆ ಬಳಸುವವರೇ ಇಲ್ಲವೆಂದ ಮೇಲೆ ದಾಟುವವರು ಯಾರು? ಪ್ರಸ್ತಾವ ನಾನೇ ಬರೆದು ಕಳಿಸಿದೆ. ಮೇ ಮೂವತ್ತರ ಪರಿಶೀಲನಾ ಸಭೆಯಲ್ಲಿ ತೀರ್ಮಾನ. ನನ್ನ ಗುತ್ತಿಗೆ ಮುಂದುವರಿಯುತ್ತದೆಯೋ ಇಲ್ಲವೋ ಎಂಬುದೂ ಅವತ್ತೇ.

ಏಪ್ರಿಲ್ 22, ಮಂಗಳವಾರ

ಇವತ್ತು ನಂದಕಿಶೋರನಿಂದ ಹೊಗಳಿಕೆ. "ಪ್ಯಾಕಿಂಗ್ ಹೌಸ್ ಕೂಲರಿನ ನೀರು ಅರ್ಧಕ್ಕರ್ಧ ಕಡಿಮಿ ಆಗ್ಯಾದಲ್ರಿ ಮೇಡಂ! ಏನ್ ಮಾಡಿದ್ರಿ?"

ನಾನು ಏನೂ ಮಾಡಿರಲಿಲ್ಲ. "ಪೋಲಾಗುವುದು ನಿಂತಿರಬೇಕು," ಎಂದೆ. ಹೇಳಿದ ಮೇಲೆ ಬಾಯಲ್ಲಿ ಏನೋ ಒಗರು ಉಳಿಯಿತು.

ಏಪ್ರಿಲ್ 24, ಗುರುವಾರ

ಕೂತಲ್ಲಿ ಕೂರಲಾಗುತ್ತಿಲ್ಲ. ಬಿಸಿಲು ಹೆಚ್ಚಿದಂತೆ ಫೋನಿನಲ್ಲಿ ಎಲ್ಲ ಕೂಲರುಗಳ ಗೆರೆಯೂ ಮೇಲೇರುತ್ತಿದೆ, ಪ್ಯಾಕಿಂಗ್ ಹೌಸಿನದು ಮಾತ್ರ ಇಳಿಯುತ್ತಿದೆ. ಹೊರಗೆ ಗಾಳಿಯೂ ಸುಡುತ್ತಿರುವಾಗ ಯಾರು ಕಡಿಮೆ ನೀರು ಕುಡಿಯುತ್ತಾರೆ?

ಏಪ್ರಿಲ್ 28, ಸೋಮವಾರ

ಮೀಟರು ಕೆಟ್ಟಿರಬೇಕೆಂದು ಬದಲಾಯಿಸಿದೆ. ಕೆಟ್ಟಿರಲಿಲ್ಲ. ನೀರಿನ ರುಚಿ ಕೆಟ್ಟಿರಬೇಕೆಂದು ಒಂದು ಲೋಟ ಕುಡಿದೆ, ಚೆನ್ನಾಗಿತ್ತು, ತಣ್ಣಗಿತ್ತು. ಹಾಜರಿ ನೋಡಿದೆ, ಜನರೂ ಕಡಿಮೆಯಾಗಿಲ್ಲ. ಹೆಂಗಸರ ಶೌಚಾಲಯದ ಬಾಗಿಲ ಲೆಕ್ಕ ಮತ್ತು ಈ ಕೂಲರಿನ ಲೆಕ್ಕ ಎರಡನ್ನೂ ಪರದೆಯ ಮೇಲೆ ಒಂದರ ಕೆಳಗೊಂದು ಇಟ್ಟು ನೋಡಿದೆ. ಒಂದು ಒಮ್ಮೆಲೆ ಬಿದ್ದಿದೆ. ಇನ್ನೊಂದು ಅದರ ಹಿಂದೆಯೇ ನಿಧಾನವಾಗಿ ಇಳಿದಿದೆ. ನೀರು ಕುಡಿಯದ್ದರಿಂದ ಶೌಚಾಲಯಕ್ಕೆ ಹೋಗುತ್ತಿಲ್ಲ ಎಂದುಕೊಂಡಿದ್ದೆ. ಹಾಗಾದರೆ ಕೂಲರಿನ ಗೆರೆ ಮೊದಲು ಇಳಿಯಬೇಕಿತ್ತು.

ಅಮ್ಮ ಊಟಕ್ಕೆ ಮೂರು ಸಲ ಕರೆದಳಂತೆ. ನನಗೆ ಕೇಳಿಸಿದ್ದು ಒಂದು ಸಲ.

ಮೇ 2, ಶುಕ್ರವಾರ

ಕೆಲಸ ಬಿಡುವ ಹೊತ್ತಿಗೆ ಟೆಂಪೊ ಹತ್ತಿರ ಹೋಗಿ ನಿಂತೆ. ಹೆಂಗಸರು ಮಾತಾಡುತ್ತ ಬರುತ್ತಿದ್ದವರು ನನ್ನನ್ನು ಕಂಡು ಸುಮ್ಮನಾದರು. ಅವರ ಚೀಲಗಳಲ್ಲಿ ಬೆಳಿಗ್ಗೆ ತುಂಬಿ ತಂದ ಬಾಟಲಿಗಳು ತುಂಬಿಯೇ ಇದ್ದವು.

"ನೀರು ಯಾಕೆ ಕುಡಿದಿಲ್ಲ?" ಎಂದು ಕೇಳಿದೆ.

ಬಸ್ಸಮ್ಮ ಎತ್ತಲೋ ನೋಡಿದಳು. ಅವರಲ್ಲಿ ಸ್ವಲ್ಪ ಚುರುಕು ಬಾಯಿಯವಳು ನೂರಜಹಾನ್. "ಮ್ಯಾಡಂರಿ, ನಾವು ನೀರ ಕುಡದ್ದೂ ನಿಮ್ಮ ಫೋನಿನಾಗ ಕಾಣಸ್ತದೇನ್ರಿ?" ಎಂದಳು.

"ಹೌದು, ಅದೂ ಕಾಣುತ್ತೆ," ಎಂದೆ.

ಟೆಂಪೊದೊಳಗಿಂದ ಯಾರೋ "ಯವ್ವಾ!" ಎಂದರು. ನೂರಜಹಾನ್ ಬಾಯಿಗೆ ಸೆರಗು ಅಡ್ಡ ಹಿಡಿದು, "ಲಗೂ ಹತ್ರೆ, ಇಲ್ಲಂದ್ರ ಬೆವರಿದ್ದೂ ಕಾಣಸ್ತದ," ಎಂದು ಎಲ್ಲರನ್ನೂ ನಗಿಸಿದಳು. ನಾನೂ ನಕ್ಕೆ. ಯಾಕೆ ನಕ್ಕೆನೋ ತಿಳಿಯದು. ಅಣವೀರನನ್ನು ಕೇಳಿದರೆ ಅವನು ನೆಲ ನೋಡುತ್ತ, "ಅದು ಹೆಣ್ಮಕ್ಕಳ ವಿಷಯ ಅದರಿ ಮ್ಯಾಡಂ, ನಾ ಏನ್ ಹೇಳ್ಲಿ," ಎಂದು ಜಾರಿಕೊಂಡ.

ಮೇ 8, ಗುರುವಾರ

ಬಸ್ಸಮ್ಮ ಮಧ್ಯಾಹ್ನ ಚೀಲದ ರಾಶಿಯ ಪಕ್ಕ ಕುಸಿದು ಬಿದ್ದಳು. ಪ್ರಥಮ ಚಿಕಿತ್ಸೆಯ ಕೋಣೆಗೆ ನಾನು ಹೋಗುವಷ್ಟರಲ್ಲಿ ಎದ್ದು ಕೂತಿದ್ದಳು. ಮೈ ಕಾದಿತ್ತು, ಹೊಟ್ಟೆಯ ಕೆಳಗೆ ಕೈ ಒತ್ತಿ ಹಿಡಿದಿದ್ದಳು. ನರ್ಸ್ ಅಂಬುಜಾ ಬಯ್ಯುತ್ತಿದ್ದಳು. "ಉರಿಮೂತ್ರ ಆಗ್ಯಾದ ಬಸ್ಸಮ್ಮಕ್ಕ. ಈ ವಾರದಾಗ ನೀನು ಮೂರನೇದಾಕಿ. ನೀರ ಕುಡೀರಿ ಅಂದ್ರ ಯಾಕ ಕೇಳಂಗಿಲ್ಲ ನೀವು?"

"ಕುಡದು ಎಲ್ಲಿಗಿ ಹೋಗ್ಲಿ ತಂಗೆವ್ವಾ?"

ನಾನು ನಡುವೆ ಬಾಯಿ ಹಾಕಿದೆ. "ನಿಮ್ಮ ಬಾತ್‌ರೂಮ್ ಇದೆಯಲ್ಲ?"

ಬಸ್ಸಮ್ಮ ನನ್ನನ್ನು ನೇರವಾಗಿ ನೋಡಿದಳು. ಈ ಎರಡು ತಿಂಗಳಲ್ಲಿ ಅದೇ ಮೊದಲು.

"ನೀವ ಕೇಳಾಕತ್ತೀರಲ್ರಿ ಮ್ಯಾಡಂ. ಫೋನಿನಾಗ ನೋಡ್ಕೋತ ಕುಂದ್ರೋರು ನೀವ."

"ನಾನು ಏನು ನೋಡುತ್ತೇನೆ?"

"ನಮ್ನ."

ಅಂಬುಜಾ ಮಾತ್ರೆಯ ಪಟ್ಟಿ ಕೈಯಲ್ಲೇ ಹಿಡಿದು ನಿಂತಳು.

"ಯಾರು ಹೋದ್ರೂ ಕಾಣಸ್ತದ ಅಂತ ನೀವ ನಿಂತು ಹೇಳೀರಿ. ಒಳಗ ಕಾಲಿಟ್ರ ಕೆಂಪಂದು ಕಣ್ಣು ತೆರೀತದ. ಸೀರಿ ಎತ್ತೂದು ಹ್ಯಾಂಗ್ರಿ ಅದರ ಮುಂದ? ನಂದೇನು, ಮೊಮ್ಮಕ್ಕಳ ಕಂಡಾಕಿ. ಹರೇದ ಹುಡಿಗ್ಯಾರು ಅವ ನಮ್ಮ ಗುಂಪಿನಾಗ. ನಿಮ್ಮ ಫೋನಿನಾಗ ಇದ್ದದ್ದು ನಾಳಿ ಯಾವ ಗಂಡಸಿನ ಫೋನಿಗಿ ಹೋಗ್ತದೋ ಯಾರಿಗಿ ಗೊತ್ತು. ಅದಕ್ಕ ಮುಂಜಾನಿಂದ ಬಾಯಿ ಒಣಗಿಸ್ಕೊಂಡು ಮನಿ ಮುಟ್ಟೂತನಕ ತಡ್ಕೋತೀವಿ."

ಅದು ಕ್ಯಾಮೆರಾ ಅಲ್ಲ ಎಂದೆ. ಬರೀ ಎಣಿಸುತ್ತದೆ ಎಂದೆ. ಮತ್ತೆ ಮತ್ತೆ ಅದನ್ನೇ ಹೇಳಿದೆ. ಬಸ್ಸಮ್ಮ ತಲೆಯಾಡಿಸುತ್ತ ಕೇಳಿದಳು, ನಾನು ಅಮ್ಮನಿಗೆ ಶಾಖ, ಚಲನೆ ಎಂದು ವಿವರಿಸಿದಾಗ ಅಮ್ಮ ಕೇಳಿದಂತೆಯೇ.

ಮೇ 9, ಶುಕ್ರವಾರ

ಗೂಟದ ಮೇಲಿನ ಟವೆಲು ಮತ್ತೆ ದೀಪದ ಮೇಲೆ ಬಂದಿದೆ. ತೆಗೆಯಲಿಲ್ಲ.

ಮೇ 15, ಗುರುವಾರ

ಬಸ್ಸಮ್ಮ ಕೆಲಸಕ್ಕೆ ಬಂದಿದ್ದಾಳೆ. ಮುಖ ಇಳಿದಿದೆ.

ವಿವರಿಸಿ ಉಪಯೋಗವಿಲ್ಲ ಎಂದು ರಾತ್ರಿಯೇ ಅನ್ನಿಸಿತ್ತು. ಊಟದ ಬಿಡುವಿನಲ್ಲಿ ಎಲ್ಲರನ್ನೂ ಶೌಚಾಲಯದ ಮುಂದಿನ ಬೇವಿನ ಗಿಡದ ಕೆಳಗೆ ಕರೆದೆ. ಫೋನಿನಲ್ಲಿ ಆ ಬಾಗಿಲ ಲೆಕ್ಕ ತೆರೆದು ಬಸ್ಸಮ್ಮನ ಕೈಗೆ ಕೊಟ್ಟೆ. "ನಾನು ಒಳಗೆ ಹೋಗುತ್ತೇನೆ. ಏನು ಕಾಣುತ್ತದೋ ಎಲ್ಲರೂ ನೋಡಿ," ಎಂದೆ.

ಒಳಗೆ ಹೋಗಿ ಚಿಲಕ ಹಾಕಿದೆ. ತಲೆಯ ಮೇಲೆ ಕೆಂಪು ದೀಪ ಮಿನುಗಿತು. ಅದರಲ್ಲಿ ಏನಿದೆ, ಏನಿಲ್ಲ ಎಂಬುದು ಇಡೀ ಕಾರ್ಖಾನೆಯಲ್ಲಿ ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಡಬ್ಬಿ ಮಾಡುವವರಿಗೆ ಕೊಟ್ಟ ಆರ್ಡರ್ ನನ್ನ ಸಹಿಯದೇ. ಆದರೂ ನೆರಿಗೆಗೆ ಹೋದ ಕೈ ಅಲ್ಲೇ ನಿಂತಿತು. ಹೊರಗೆ ಅಷ್ಟು ಜನ, ಅವರ ಕೈಯಲ್ಲಿ ನನ್ನ ಫೋನು. ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ. ಕೊನೆಗೆ ಸುಮ್ಮನೆ ನೀರು ಸುರಿದು ಹೊರಗೆ ಬಂದೆ. ಇದನ್ನು ಯಾರಿಗೂ ಹೇಳಿಲ್ಲ.

ಬಸ್ಸಮ್ಮ ಫೋನನ್ನು ದೂರ ಹಿಡಿದು, "ಒಂದು ಅಂತ ಬಂತ್ರಿ. ಮತ್ತೇನಿಲ್ಲ," ಎಂದಳು.

ನೂರಜಹಾನ್ ಒಪ್ಪಲಿಲ್ಲ. "ತನ್ ಮಾಲಕರ ಚಿತ್ರ ಅದು ಯಾಕ ತೋರಸ್ತದ್ರಿ? ಅದೂ ನೌಕರಿ ಮಾಡಾಕತ್ತಾದ." ಎಲ್ಲರೂ ಗೊಳ್ಳೆಂದರು.

ನಗು ನಿಂತ ಮೇಲೆ ಬಸ್ಸಮ್ಮ ಮೆಲ್ಲಗೆ ಹೇಳಿದಳು: "ನಾ ನಂಬಿದ್ರೂ ಅದು ಇರೂತನಕ ನಮ್ಮ ಮಂದಿ ಹೋಗಂಗಿಲ್ರಿ."

ನಾನು ಕಾರಣ ಕೇಳಲಿಲ್ಲ.

ಮೇ 16, ಶುಕ್ರವಾರ

ಡಬ್ಬಿ ತೆಗೆಸಿದೆ. ಆಮೇಲೆ ನಂದಕಿಶೋರನಿಗೆ ಫೋನು. ಮೊದಲು ಹೇಳಿ ಆಮೇಲೆ ತೆಗೆಸಬೇಕಿತ್ತು. ಕೇಳಿದ್ದರೆ ಬೇಡ ಅನ್ನುತ್ತಿದ್ದ ಎಂಬ ಭಯವಿತ್ತೇನೋ.

"ಅಂದ್ರ ನಮ್ಮ ಅಂಕಿ ತಪ್ಪು ಇತ್ತೇನ್ರಿ?"

"ಅಂಕಿ ಸರಿಯೇ ಇತ್ತು. ಯಾರೂ ಹೋಗುತ್ತಿರಲಿಲ್ಲ. ನಾವು ಎಣಿಸುತ್ತಿದ್ದುದರಿಂದ ಹೋಗುತ್ತಿರಲಿಲ್ಲ."

ಅವನು ಕೆಟ್ಟವನಲ್ಲ. ಸಮಾಧಾನದಿಂದಲೇ ಹೇಳಿದ: "ಮೇಡಂ, ನೀವ ಬರೆದ ಪ್ರಸ್ತಾವ ಮ್ಯಾಲಿನವರ ಮುಂದ ಅದ. ಸ್ಟೋರ್‌ಗೆ ಜಾಗ ಸಿಕ್ತು ಅಂತ ಅವರು ಖುಷಿ ಆಗ್ಯಾರ. ಬಳಕಿ ಅದ ಅಂತ ಮೂವತ್ತರೊಳಗ ಏನರ ತೋರಿಸಬೇಕು ನಾವು. ಎಣಿಸೂ ಡಬ್ಬೀನs ಕಿತ್ತು ಹಾಕೀರಿ, ಹ್ಯಾಂಗ ತೋರಸ್ತೀರಿ?"

"ಕೂಲರಿನ ಮೀಟರು ಇದೆ. ಹೋಗಲು ಜಾಗವಿದೆ ಎಂದು ಧೈರ್ಯ ಬಂದರೆ ಅವರು ನೀರು ಕುಡಿಯುತ್ತಾರೆ."

"ಸುತ್ತು ದಾರಿ ಆಯ್ತಲ್ರಿ."

"ಆಯಿತು," ಎಂದೆ.

ಮೇ 20, ಮಂಗಳವಾರ

ಕೂಲರಿನ ಗೆರೆ ಅಲುಗಿಲ್ಲ. ಗಂಟೆಗೊಮ್ಮೆ ನೋಡುತ್ತೇನೆ, ನೋಡಿದರೆ ಏರುತ್ತದೆ ಎಂಬಂತೆ.

ಡಬ್ಬಿ ಇದ್ದ ಕಡೆ ಸ್ಕ್ರೂಗಳ ತೂತು ಉಳಿದಿದ್ದವು, ಅವುಗಳಲ್ಲಿ ಏನೋ ಇದೆ ಎಂದು ಹೆಂಗಸರು ಆಡಿಕೊಂಡರು. ಮೊನ್ನೆ ಪುಟ್ಟಿ ಬಳಿಸಿದೆ. ಇವತ್ತು ನೂರಜಹಾನ್ ಬಂದು ನೋಡಿ, "ಪುಟ್ಟಿ ಬಳದೀರಂದ್ರ ಒಳಗ ಏನೋ ಮುಚ್ಚೀರಿ ಅಂತs ಆಯ್ತಲ್ರಿ," ಎಂದಳು. ಈ ಸಲ ಅವಳು ತಮಾಷೆ ಮಾಡುತ್ತಿರಲಿಲ್ಲ. ಸಿಟ್ಟು ಬಂತು. ಯಾರ ಮೇಲೆ ಎಂದು ಯೋಚಿಸುತ್ತ ಅಂಗಳ ದಾಟಿ ಬಂದೆ, ಉತ್ತರ ಇಷ್ಟವಾಗಲಿಲ್ಲ.

ಮೇ 22, ಗುರುವಾರ

ಆಡಳಿತ ಕಚೇರಿಯಲ್ಲಿ ನಮ್ಮದೊಂದು ಶೌಚಾಲಯವಿದೆ: ಹೊಳೆಯುವ ನೆಲ, ಕನ್ನಡಿ, ಒರೆಸಿಕೊಳ್ಳಲು ಕಾಗದ. ಅದರಲ್ಲಿಯೂ ಡಬ್ಬಿ ಇದೆ, ಅದು ನನ್ನನ್ನು ಯಾವತ್ತೂ ಕಾಡಿರಲಿಲ್ಲ. ಯಾಕೆಂದರೆ ಫೋನು ನನ್ನ ಕೈಯಲ್ಲಿತ್ತು.

ಇವತ್ತು ಅಲ್ಲಿಗೆ ಹೋಗಲಿಲ್ಲ. ಫೋನನ್ನು ಮೇಜಿನ ಮೇಲೆ ಬಿಟ್ಟು, ಲಾರಿಗಳ ನಡುವೆ ಹಾದು ಪ್ಯಾಕಿಂಗ್ ಹೌಸಿನ ಹಿಂದಕ್ಕೆ ನಡೆದೆ. ಕಾಲ ಕೆಳಗಿನ ಹಾಸುಗಲ್ಲು ಚಪ್ಪಲಿಯೊಳಗಿಂದಲೂ ಸುಡುತ್ತಿತ್ತು. ಚೀಲ ಆರಿಸುತ್ತಿದ್ದವರೆಲ್ಲ ಕೈ ನಿಲ್ಲಿಸಿ ನೋಡಿದರು.

"ನಿಮ್ಮ ಬಾತ್‌ರೂಮಿಗಿ ಏನಾಗ್ಯಾದ್ರಿ?" ಎಂದು ಬಸ್ಸಮ್ಮ ಕೇಳಿದಳು.

"ಏನೂ ಆಗಿಲ್ಲ," ಎಂದು ಒಳಗೆ ಹೋದೆ. ಈ ಸಲ ಸುಮ್ಮನೆ ನೀರು ಸುರಿದು ಬರಲಿಲ್ಲ. ಸಂಜೆ ಇನ್ನೊಮ್ಮೆ ಹೋದೆ.

ಮೇ 26, ಸೋಮವಾರ

ದಿನವೂ ಹೋಗುತ್ತಿದ್ದೇನೆ. ಬೇಕೆಂದೇ ನೀರು ಹೆಚ್ಚು ಕುಡಿಯುತ್ತೇನೆ. ಬೇರೆ ಯಾರೂ ಬಂದದ್ದು ಕಂಡಿಲ್ಲ. ಶನಿವಾರ ಬಕೆಟಿನ ಪಕ್ಕ ನೆಲ ಒದ್ದೆಯಿತ್ತು. ತೊಳೆದ ನೀರೋ ಏನೋ.

ಈಗ ಬೈಗುಳಗಳೂ ಸಿಗುತ್ತಿವೆ. "ಬಂದ್ರು ನೋಡವ್ವ, ಒಂದಕ್ಕ ಹೋಗೂ ಮ್ಯಾಡಂ," ಎಂದು ನೂರಜಹಾನ್. ಇನ್ನೊಬ್ಬಳು ನನ್ನ ಸೀರೆಯ ಅಂಚು ಸಿಮೆಂಟಾಗಿದೆ, ಎತ್ತಿ ನಡೆಯಿರಿ ಎಂದಳು. ಎತ್ತಿ ನಡೆದೆ.

ಅಮ್ಮ ಕೇಳಿದಳು: "ಆ ಹೆಣ್ಮಕ್ಕಳ ಕೂಡ ಏನ್ ಜಗಳಾಡ್ಲಿಕತ್ತೀದಿ? ದಿನಾ ಬಿಸಿಲಾಗ ಕೆಂಪಾಗಿ ಬರ್ತೀ." ನಾನು ಹೇಳಿದೆ. ಪೂರ್ತಿ ಕೇಳಿ, ಎದ್ದು ಹೋಗಿ, ತಂಬಿಗೆಯಲ್ಲಿ ಮಜ್ಜಿಗೆ ತುಂಬಿ ನನ್ನ ಊಟದ ಡಬ್ಬಿಯ ಪಕ್ಕ ಇಟ್ಟಳು.

ಮೇ 29, ಗುರುವಾರ

ನಾಳೆ ಸಭೆ. ಕೂಲರಿನ ಗೆರೆ ಒಂಚೂರು ಎದ್ದಂತೆ ಕಾಣುತ್ತದೆ. ಇಷ್ಟು ಸಣ್ಣ ಏರಿಕೆಯನ್ನು ಬೇರೆ ಯಾರಾದರೂ ತಂದು ತೋರಿಸಿದ್ದರೆ ನಾನೇ ಒಪ್ಪುತ್ತಿರಲಿಲ್ಲ. ಆ ಪ್ರಸ್ತಾವವನ್ನು ಮತ್ತೆ ಓದಿದೆ. ಎಷ್ಟು ಚೆನ್ನಾಗಿ ಬರೆದಿದ್ದೇನೆ.

ಮೇ 30, ಶುಕ್ರವಾರ

ಸಭೆ ಹತ್ತೂವರೆಗೆ. ಅದಕ್ಕೆ ಮುಂಚೆ ಹೋಗಿ ಬಂದುಬಿಡೋಣ ಎಂದು ಎಂದಿನಂತೆ ಫೋನು ಬಿಟ್ಟು ಹೊರಟೆ. ಪ್ಯಾಕಿಂಗ್ ಹೌಸಿನಲ್ಲಿ ಚೀಲದ ರಾಶಿಯ ಹತ್ತಿರ ಯಾರೂ ಇರಲಿಲ್ಲ. ಮತ್ತೆ ಯಾರಾದರೂ ಬಿದ್ದರೇ ಎಂದು ಓಡಿದೆ.

ಬೇವಿನ ನೆರಳಲ್ಲಿ ಇದ್ದರು. ಒಬ್ಬಳು ಒಳಗಿದ್ದಳು. ಉಳಿದವರು ಸಾಲಾಗಿ ಕೂತು ಹರಟುತ್ತಿದ್ದರು. ನಾನು ಕೊನೆಯಲ್ಲಿ ನಿಂತೆ.

"ಮುಂದ ಹೋಗ್ರಿ ಮ್ಯಾಡಂ, ನಿಮಗ ಕೆಲಸ ಇರ್ತಾವ," ಎಂದಳು ಬಸ್ಸಮ್ಮ.

"ಪಾಳಿ ಅಂದ್ರ ಪಾಳಿ," ಎಂದೆ. ನನಗೆ ತಡವಾಗುತ್ತಿದೆ ಎಂಬುದು ನೆನಪಿತ್ತು. ಆದರೂ ನಿಂತೆ.

ನನ್ನ ಸರದಿ ಬಂದು ಒಳಗೆ ಹೋದೆ. ಚಿಲಕ ಹಾಕಿ ತಲೆಯೆತ್ತಿದರೆ ಪುಟ್ಟಿ ಬಳಿದ ಗೋಡೆ. ಅಷ್ಟರಲ್ಲಿ ತಗಡಿನ ಬಾಗಿಲು ಧಡಧಡನೆ ಬಡಿಯಿತು.

"ಒಳಗ ಯಾರ್ರಿ? ಮಕ್ಕೊಂಡೀರೇನು?" ನೂರಜಹಾನ್. ಈಗಷ್ಟೇ ಬಂದಿರಬೇಕು. "ಲಗೂ ಬರ್ರಿ, ತಡಿಯಾಕ ಆಗವಲ್ದು!"

"ಬರ್ಲಿಕತ್ತೀನಿ, ಸ್ವಲ್ಪ ತಡೀರಿ!"

ಹೊರಗೆ ಎಲ್ಲರ ನಗು ಒಟ್ಟಿಗೇ.

ಸಭೆಗೆ ಹೋಗುವಾಗ ಇಪ್ಪತ್ತು ನಿಮಿಷ ತಡವಾಗಿತ್ತು. ಪರದೆಯ ಮೇಲೆ ನಂದಕಿಶೋರ್, ಅವನ ಮೇಲಿನ ಇಬ್ಬರು. "ನಿಮಗs ಕಾಯಾಕತ್ತೀವಿ ಮೇಡಂ," ಎಂದ. ಕೂಲರಿನ ಗೆರೆಯನ್ನು ತೋರಿಸಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿದರು. ಇದರಲ್ಲಿ ಏನೂ ಕಾಣುತ್ತಿಲ್ಲವಲ್ಲ ಎಂದರು. ನಿಜ ಎಂದೆ. ಬೇರೆ ಪುರಾವೆ ಏನಿದೆ ಎಂದರು.

"ನಾನು ತಡವಾಗಿ ಬಂದೆನಲ್ಲ, ಅದು," ಎಂದೆ. "ಅಲ್ಲಿ ಪಾಳಿ ಇತ್ತು."

ಅವರಿಬ್ಬರೂ ಮುಖ ಮುಖ ನೋಡಿಕೊಂಡರು. ನಂದಕಿಶೋರ್ ಕೆಳಗೆ ನೋಡುತ್ತ ನಗು ತಡೆದುಕೊಂಡದ್ದು ಕಂಡಿತು. ಸ್ಟೋರನ್ನು ಬೇರೆ ಕಡೆ ಮಾಡೋಣ, ಇದನ್ನು ಪಟ್ಟಿಯಿಂದ ತೆಗೆಯೋಣ ಎಂದ. ಯಾರೂ ಬೇಡ ಅನ್ನಲಿಲ್ಲ. ನನ್ನ ಗುತ್ತಿಗೆಯ ವಿಚಾರ ಮುಂದಿನ ತಿಂಗಳಿಗೆ ಹೋಯಿತು. ಅದನ್ನು ಈಗ ಬರೆಯುವಾಗ ನೆನಪಾಯಿತು.

ಸಂಜೆ ಟೆಂಪೊ ಹೊರಡುವಾಗ ಬಸ್ಸಮ್ಮ ಕಿಟಕಿಯಿಂದ ಕೂಗಿ ಕರೆದಳು. ಇಷ್ಟು ಮಂದಿಗೆ ಒಂದೇ ಕೋಣೆ ಸಾಲುವುದಿಲ್ಲ, ಇನ್ನೊಂದಕ್ಕೆ ಬಾಗಿಲು ಯಾವಾಗ ಹಾಕಿಸುತ್ತೀರಿ, ನೀವು ಬೇರೆ ಒಳಗೆ ಹೋದರೆ ಬೇಗ ಬರುವುದಿಲ್ಲ ಎಂದು ಎಲ್ಲರೆದುರು ಬಯ್ದಳು.

ನಾಳೆ ಬೆಳಿಗ್ಗೆ ಮೊದಲು ಬಡಗಿಗೆ ಹೇಳಬೇಕು.